ಪಟ್ಟಿಯಲ್ಲಿ ಇಲ್ಲದ ಹೂವು

ನನಗೆ ಕೋಪ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ಬರುವುದೆಲ್ಲ ಬೇರೆ ಯಾರದೋ ತಪ್ಪಿನ ಹಾಗೆ ಕಾಣುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಅಷ್ಟು ವರ್ಷ ಎತ್ತರಿಸಿದ ದನಿ ನಿವೃತ್ತಿಯಾದ ಮಾರನೆಯ ದಿನವೇ ತಗ್ಗುತ್ತದೆಯೇ? ಉಪ್ಪಿನ ಡಬ್ಬಿಯ ಜಾಗ ಬದಲಾದರೂ ಕೂಗುತ್ತೇನೆ. ಐದು ನಿಮಿಷದಲ್ಲಿ ಮರೆತೂ ಬಿಡುತ್ತೇನೆ. "ಮರೆಯೋದು ನಿಮ್ಮ ಕೆಲಸ, ನೆನಪಿಟ್ಕೊಳ್ಳೋದು ನಮ್ಮ ಕೆಲಸ" ಎನ್ನುತ್ತಾಳೆ ನನ್ನ ಹೆಂಡತಿ.

ನಮ್ಮ ಮನೆ ಚಾಮರಾಜಪೇಟೆಯಲ್ಲಿ, ಎರಡನೇ ಮಹಡಿಯಲ್ಲಿ. ಅಡುಗೆಮನೆಯ ಸಿಂಕಿನ ಕೆಳಗೆ ಒಂದು ಯಂತ್ರ ಕೂತಿದೆ. ಸಿಂಕಿನ ತೂತಿಗೆ ಸಿಪ್ಪೆ, ಮಿಕ್ಕ ಅನ್ನ, ಪಲ್ಯ ಏನು ಹಾಕಿ ಸ್ವಿಚ್ ಒತ್ತಿದರೂ ಅರೆದು ನುಣ್ಣಗೆ ಮಾಡಿ ನೀರಿನ ಜೊತೆ ಪೈಪಿಗೆ ಕಳಿಸಿಬಿಡುತ್ತದೆ. ಅಡುಗೆಮನೆ ಸಾಮಾನಿನ ಒಂದು ಪ್ರದರ್ಶನದಲ್ಲಿ ಇದನ್ನು ನೋಡಿ, ಹಿಂದೆಮುಂದೆ ಯೋಚಿಸದೆ ತಂದವನು ನಾನೇ. ಪೆಟ್ಟಿಗೆ ಒಳಗೆ ಬಂದ ದಿನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮಿಕ್ಕಿದ್ದನ್ನ ಅರೆಯೋಕೆ ಮಿಷನ್ನಾ? ನಮ್ಮನೇಲಿ ಮಿಗೋದೆಲ್ಲಿ ರೀ? ರಾತ್ರಿ ಅನ್ನ ಮಿಕ್ಕಿದ್ರೆ ಬೆಳಗ್ಗೆ ಚಿತ್ರಾನ್ನ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ."

ಅವಳು ಅದಕ್ಕೆ ಬಕಾಸುರ ಎಂದು ಹೆಸರಿಟ್ಟಳು. ಜೊತೆಗೆ ಒಂದು ಕಾನೂನೂ ಮಾಡಿದಳು. ಎಂಜಲು ಆ ಸಿಂಕಿಗೆ ಬರಕೂಡದು. ತಟ್ಟೆ ಲೋಟಗಳೆಲ್ಲ ಹಿಂದಿನ ಯುಟಿಲಿಟಿಯಲ್ಲೇ ತೊಳೆಯಬೇಕು, ಅಲ್ಲಿಯ ಕಸ ಕಾರ್ಪೊರೇಷನ್ ಗಾಡಿಗೇ ಹೋಗಬೇಕು. ಈ ಸಿಂಕಿನಲ್ಲಿ ತರಕಾರಿ ತೊಳೆಯುವುದು, ಅಕ್ಕಿ ತೊಳೆಯುವುದು, ಅಷ್ಟೇ. ಹೀಗಾಗಿ, ಊರಿನವರ ಎಂಜಲು ತಿನ್ನಲು ಹುಟ್ಟಿದ ಯಂತ್ರ ನಮ್ಮ ಮನೆಯಲ್ಲಿ ಮಡಿಯಾಗಿ ಸೌತೆಕಾಯಿ ಸಿಪ್ಪೆ ತಿಂದುಕೊಂಡು ಬದುಕಿತು. ಬಕಾಸುರನಿಗೆ ಇಂಥ ಉಪವಾಸ ಯಾವ ಭೀಮನೂ ಹಾಕಿರಲಿಲ್ಲ.

ಆದರೂ ನಾನು ಅದನ್ನು ಮುದ್ದಾಗಿ ನೋಡಿಕೊಂಡೆ. ಭಾನುವಾರ ಬೆಳಗ್ಗೆ ಒಂದು ಬಟ್ಟಲು ಐಸ್‌ಕ್ಯೂಬು, ಒಂದು ಹಿಡಿ ಕಲ್ಲುಪ್ಪು ಹಾಕಿ ತಿರುಗಿಸಿದರೆ ಒಳಗೆ ಅಂಟಿದ ಜಿಡ್ಡೆಲ್ಲ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಿಂಡಿದ ನಿಂಬೆಹಣ್ಣಿನ ಹೋಳು ಹಾಕಿದರೆ ಅಡುಗೆಮನೆಯೆಲ್ಲ ಘಂ ಅನ್ನುತ್ತದೆ. ತೂತಿನ ಬಾಯಿಗಿರುವ ರಬ್ಬರು ಪರದೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಆಯುಧಪೂಜೆಗೆ ಸ್ಕೂಟರಿನ ಜೊತೆ ಅದಕ್ಕೂ ಒಂದು ಬೊಟ್ಟು ಕುಂಕುಮ.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ಪಟ್ಟಿಯನ್ನೂ ಬರೆದು ಸಿಂಕಿನ ಮೇಲಿನ ಟೈಲಿಗೆ ಅಂಟಿಸಿದೆ. ಮೇಲೆ ಕೆಂಪು ಮಸಿಯಲ್ಲಿ 'ಹಾಕಬಾರದ ಪದಾರ್ಥಗಳು', ಕೆಳಗೆ ಹನ್ನೊಂದು ಸಾಲು. ನುಗ್ಗೆಕಾಯಿ, ಬಾಳೆದಿಂಡು, ತೆಂಗಿನ ನಾರು, ಚಿಪ್ಪು, ಹುಣಸೆ ಬೀಜ, ಕರಿಬೇವಿನ ಕಡ್ಡಿ, ಹಿದುಕಿದ ಅವರೆಕಾಳಿನ ಸಿಪ್ಪೆ, ಹೀಗೆ. ಅವರೆ ಸಿಪ್ಪೆಯ ಪಾಠ ನನಗೆ ಅನುಭವದಿಂದ ಬಂದದ್ದು. ಮೊದಲ ವರ್ಷದ ಅವರೆಕಾಯಿ ಕಾಲದಲ್ಲಿ ಒಂದು ಬೋಗುಣಿ ಸಿಪ್ಪೆಯನ್ನು ಒಟ್ಟಿಗೆ ಸುರಿದು, ಸಂಜೆಯವರೆಗೂ ಪೈಪು ಬಿಚ್ಚಿಕೊಂಡು ಕೂತಿದ್ದೆ.

ಎಂಟು ತಿಂಗಳ ಹಿಂದೆ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಮನೆಗೆ ಬಂದರು. ಶ್ರೀರಾಂಪುರದ ಒಂದು ವಠಾರದಲ್ಲಿ ನಲವತ್ತು ವರ್ಷಕ್ಕೂ ಮಿಕ್ಕಿ ಬಾಡಿಗೆಗಿದ್ದವರು. ಮಾವನವರು ತೀರಿಕೊಂಡ ಮೇಲೂ ಅಲ್ಲಿಂದ ಕದಲಿರಲಿಲ್ಲ. ಕೊನೆಗೆ ಮನೆಯ ಮಾಲೀಕರು ವಠಾರ ಕೆಡವಿ ಕಟ್ಟಡ ಎಬ್ಬಿಸುತ್ತೇವೆ ಅಂದಾಗ ವಿಧಿಯಿಲ್ಲದೆ ಹೊರಟರು. ಹಸಿರು ಬಣ್ಣದ ಒಂದು ಕಬ್ಬಿಣದ ಟ್ರಂಕು, ದೇವರ ಪೆಟ್ಟಿಗೆ, ಇಷ್ಟೇ ಸಾಮಾನು. ಟ್ರಂಕನ್ನು ಎರಡು ಮಹಡಿ ಹೊತ್ತು ತಂದವನು ನಾನು. ಹಗುರವಾಗಿತ್ತು.

ಹೆಂಡತಿ ತನ್ನ ಬೀರುವಿನ ಕೆಳಗಿನ ಅರೆಯನ್ನು ಖಾಲಿ ಮಾಡಿ, ಹೊಸ ಕಾಗದ ಹಾಸಿ, "ಅಮ್ಮ, ನಿನ್ನ ಸೀರೆ ಎಲ್ಲ ಇಲ್ಲಿಡು" ಅಂದಳು. "ಇಡ್ತೀನಿ ಇಡ್ತೀನಿ, ಏನವಸರ" ಅಂದರು ಅತ್ತೆ. ಇಡಲಿಲ್ಲ. ದಿನಾ ಸ್ನಾನ ಆದ ಮೇಲೆ ಮಂಚದ ಕೆಳಗಿನಿಂದ ಟ್ರಂಕು ಎಳೆದು, ಒಂದು ಸೀರೆ ತೆಗೆದು, ಮುಚ್ಚಿ, ಮತ್ತೆ ಒಳಕ್ಕೆ ತಳ್ಳುತ್ತಿದ್ದರು. ಒಗೆದ ಸೀರೆ ಮಡಿಚಿ ಮತ್ತೆ ಟ್ರಂಕಿಗೇ. ನಾಳೆ ಬೆಳಗ್ಗೆ ಬಸ್ಸು ಹಿಡಿಯುವವರ ಹಾಗೆ ಎಂಟು ತಿಂಗಳು ಇದ್ದರು. ಅರೆಗೆ ಹಾಸಿದ ಕಾಗದ ಹೊಸದಾಗಿಯೇ ಉಳಿಯಿತು.

ಮಗಳ ಮನೆಯಲ್ಲಿರುವ ತಾಯಿಯ ಸಂಕೋಚ ಅದು. ಬಾಯಿಬಿಟ್ಟು ಒಂದು ವಸ್ತು ಕೇಳಿದವರಲ್ಲ. ಬಡಿಸುವಾಗ ಎರಡನೇ ಸೌಟಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಫ್ಯಾನು ನಾವು ಹಾಕಿದರೆ ಉಂಟು. ಹೆಂಡತಿ ಒಂದು ವಿಮಾ ಕಚೇರಿಯಲ್ಲಿ ಇನ್ನೂ ಕೆಲಸದಲ್ಲಿದ್ದಾಳೆ, ಆದ್ದರಿಂದ ಹಗಲೆಲ್ಲ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಅವರು ಐದಕ್ಕೇ ಎದ್ದು, ಸ್ನಾನ ಪೂಜೆ ಮುಗಿಸಿ, ತರಕಾರಿ ಹೆಚ್ಚಿ, ಸಿಪ್ಪೆಯನ್ನು ಬಕಾಸುರನಿಗೆ ಹಾಕಿ, ನಾನು ಏಳುವ ಹೊತ್ತಿಗೆ ಕಾಫಿ ಸಿದ್ಧ ಮಾಡಿರುತ್ತಿದ್ದರು. ಅವರ ಕೈ ಕಾಫಿಯಂಥದ್ದನ್ನು ನಾನು ಬೇರೆಲ್ಲೂ ಕುಡಿದಿಲ್ಲ, ಹೆಂಡತಿಯ ಮುಂದೆಯೂ ಹೇಳುತ್ತೇನೆ. ಪೇಪರಿನಲ್ಲಿ ಸುಡೊಕು ಬಿಡಿಸುತ್ತಾ ನಾನು ಗೊಣಗಿದರೆ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಕಾಫಿ ಕುಡಿಯುತ್ತಾ, "ಲೆಕ್ಕದ ಮೇಷ್ಟ್ರಿಗೇ ಲೆಕ್ಕ ತಪ್ತಾ?" ಅನ್ನುತ್ತಿದ್ದರು. ಎದುರಿಗೆ ಕುರ್ಚಿ ಖಾಲಿ ಇರುತ್ತಿತ್ತು. ಎಷ್ಟು ಸಲ ಹೇಳಿದರೂ, "ಇರ್ಲಿ, ಇಲ್ಲೇ ಚೆನ್ನಾಗಿದೆ" ಎಂದು ನಿಂತೇ ಇರುತ್ತಿದ್ದರು.

ಆ ಶನಿವಾರ ನಾನು ಎದ್ದದ್ದು ಸದ್ದಿಗೆ. ಅರೆಯುವ ಗುರ್ ಅಲ್ಲ, ಗುಂಯ್ ಎನ್ನುವ ಉಸಿರುಗಟ್ಟಿದ ಸದ್ದು. ಆಮೇಲೆ ಟಕ್ ಎಂದು ಅದೂ ನಿಂತಿತು. ಓಡಿ ಹೋಗಿ ನೋಡಿದರೆ ಸಿಂಕಿನಲ್ಲಿ ನೀರು ತುಂಬಿಕೊಂಡು ಸೀಮೆಬದನೆ ಸಿಪ್ಪೆ ತೇಲುತ್ತಿದೆ. ಸ್ವಿಚ್ ಒತ್ತಿದೆ, ಒಂದು ಮಾತಿಲ್ಲ. ಅತ್ತೆ ಈಳಿಗೆಮಣೆ ಎತ್ತಿಡುತ್ತಿದ್ದರು. ಹೆಂಡತಿ ಆಗತಾನೆ ಎದ್ದು ಬಂದು ಹಾಲಿನ ಪಾತ್ರೆಗೆ ಕೈ ಹಾಕಿದ್ದಳು. ನನ್ನ ಕಣ್ಣಿಗೆ ಕಂಡಿದ್ದು ಅವಳು ಮಾತ್ರ.

"ನುಗ್ಗೆಕಾಯಿ ಹಾಕಿದೀಯ ತಾನೇ ನೆನ್ನೆ? ಪಟ್ಟಿ ಯಾಕೆ ಅಂಟ್ಸಿರೋದು, ಗೋಡೆ ಅಲಂಕಾರಕ್ಕಾ? ತಲೇಲಿ ಬುದ್ಧಿ ಇರೋರು ಯಾರಾದ್ರೂ ಹೀಗ್ ಮಾಡ್ತಾರಾ? ಮನೆ ಸಾಮಾನು ಅಂದ್ರೆ ಒಂದ್ ಚೂರಾದ್ರೂ ನಮ್ದು ಅನ್ನೋ ಅಕ್ಕರೆ ಬೇಡ್ವಾ? ಹೋಟ್ಲಲ್ಲಿ ಇದ್ದಂಗೆ ಇದ್ರೆ ಹೀಗೇ ಆಗೋದು!"

"ನಾನು ಏನೂ ಹಾಕಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ಬೇಡಿ" ಎಂದು ಹೆಂಡತಿ ಹಾಲು ಒಲೆಗಿಟ್ಟಳು. ಅವಳಿಗೆ ಇದೆಲ್ಲ ದಿನನಿತ್ಯದ ಸಂಗೀತ. ಅತ್ತೆ ಈಳಿಗೆಮಣೆಯನ್ನು ಗೋಡೆಗೆ ಒರಗಿಸಿದರು. ಈಗ ಅವರ ಕೈಯಲ್ಲಿ ಖಾಲಿ ಹೂಬುಟ್ಟಿ ಇತ್ತು, ಅದನ್ನು ಸೆರಗಿನಿಂದ ಒರೆಸಿಕೊಂಡು ದೇವರ ಗೂಡಿನ ಕಡೆ ಹೋದರು. ನಾನು ಅದನ್ನು ನೋಡಿದೆ, ಆದರೆ ಏನೂ ಅಂದುಕೊಳ್ಳಲಿಲ್ಲ.

ಊಟ ಆದ ಮೇಲೆ ಅವರು ಮಗಳಿಗೆ ಹೇಳಿದರಂತೆ. "ತುಮಕೂರಿಗೆ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ ಕಣೆ. ಅಣ್ಣನ ಮಗ ಕರೀತಾನೇ ಇದಾನೆ. ಸೋಮವಾರ ಬೆಳಗ್ಗೆ ಮೆಜೆಸ್ಟಿಕ್‌ಗೆ ಒಂದ್ ಆಟೋ ಮಾಡ್ಕೊಡಿ, ಸಾಕು."

ನಾನು ಸಿಂಕಿನ ಕೆಳಗೆ ತಲೆ ಹಾಕಿ ಕೂತಿದ್ದೆ. ಹೆಂಡತಿ ಬಂದು ನನ್ನ ಹಿಂದೆ ನಿಂತಳು. "ಹೋಗಿ ಬರ್ಲಿ ಬಿಡು, ನಾಲ್ಕು ದಿನ ತಾನೇ" ಅಂದೆ.

"ನಾಲ್ಕು ದಿನಕ್ಕೆ ದೇವರ ಪೆಟ್ಟಿಗೆ ತಗೊಂಡ್ ಹೋಗ್ತಾರೇನ್ರೀ?" ಅವಳು ಕೋಣೆಯ ಕಡೆ ಕೈ ತೋರಿಸಿದಳು. "ದೇವರನ್ನೆಲ್ಲ ಬಟ್ಟೇಲಿ ಸುತ್ತಿಡ್ತಿದಾರೆ. ಅಲ್ಲಿ ಎರಡೇ ರೂಮು, ಮೂರು ಮಕ್ಕಳು. ಮಲಗೋಕೆ ಸರಿಯಾಗಿ ಜಾಗ ಇಲ್ಲ ಅಮ್ಮಂಗೆ. ಬೆಳಗ್ಗೆ ನೀವು ಹೋಟ್ಲು ಅಂದ್ರಲ್ಲ, ಯಾರಿಗೆ ಅಂದ್ರಿ?"

"ನಿನಗೆ ಅಂದೆ!"

"ನನಗೆ ಅಂದ್ರೆ ನನಗೆ ತಾಗಲ್ಲ. ಟ್ರಂಕಲ್ಲಿ ಸೀರೆ ಇಟ್ಕೊಂಡು ಬದುಕ್ತಿರೋರು ಯಾರು ಈ ಮನೇಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಡುಗರಿಗೆ ಈ ಗಾದೆ ನೂರು ಸಲ ಹೇಳಿದವನು ನಾನು. ಅತ್ತೆಯ ಕೋಣೆಯ ಬಾಗಿಲವರೆಗೆ ಹೋದೆ. "ನಿಮಗಲ್ಲ ಅತ್ತೆ, ಅವಳಿಗೆ ಅಂದಿದ್ದು" ಅಂದೆ. ಕೇಳುವವರಿಗೆ ಅದೂ ಜಗಳದ ಹಾಗೇ ಕೇಳಿಸಿರಬೇಕು. "ಅಯ್ಯೋ, ಅದಕ್ಕಲ್ಲ ಬಿಡಿ. ನೀವು ದೊಡ್ಡ ಮನಸ್ಸಿನವರು" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಬೀಳ್ಕೊಡುವ ಸಮಾರಂಭದಲ್ಲಿ ಹೆಡ್‌ಮಾಸ್ಟರ್ ನಗುವ ನಗು ಅದು.

ಬಾಯಿಂದ ಆಗದ್ದನ್ನು ಕೈಯಿಂದ ಮಾಡೋಣ ಅನ್ನಿಸಿತು. ಬಕಾಸುರ ಸರಿಹೋದರೆ ಬೆಳಗಿನ ಮಾತೂ ಅಳಿಸಿಹೋಗುತ್ತದೆ ಎಂಬ ಹುಚ್ಚು ನಂಬಿಕೆ. ಯಂತ್ರದ ತಳದಲ್ಲಿ ಆರು ಮೂಲೆಯ ಒಂದು ತೂತಿದೆ. ಅದಕ್ಕೆ ಸರಿಯಾದ ಬಾಗಿದ ಕೀಲಿ ಹಾಕಿ ಕೈಯಲ್ಲೇ ತಿರುಗಿಸಿದರೆ ಸಿಕ್ಕಿಕೊಂಡಿದ್ದು ಸಡಿಲವಾಗುತ್ತದೆ. ಕೀಲಿ ಯಂತ್ರದ ಜೊತೆಗೇ ಬಂದಿತ್ತು. ನಾನು ಎಲ್ಲಿಟ್ಟೆನೋ! ಟಿವಿ ಕೆಳಗೆ, ಹೊಲಿಗೆ ಡಬ್ಬಿ, ಶೂ ಸ್ಟ್ಯಾಂಡು, ಎಲ್ಲ ಹುಡುಕಿದೆ. ಅತ್ತೆಯೂ ಜೊತೆಗೆ ಬಗ್ಗಿ ಬಗ್ಗಿ ಹುಡುಕಿದರು. ಸಿಗಲಿಲ್ಲ. ಮಾಮೂಲ್‌ಪೇಟೆಗೆ ಹೋದೆ.

ನಾನು ಮೂರು ಅಂಗಡಿ ಸುತ್ತಿದ ಮೇಲೆ ಸಿಕ್ಕಿದ್ದು ಕೈಯಗಲದ ಒಂದು ಕಬ್ಬಿಣದ ಸಾಮಾನಿನ ಅಂಗಡಿ. ಹಣೆ ತುಂಬ ವಿಭೂತಿ ಇಟ್ಟುಕೊಂಡಿದ್ದ ಹಿರಿಯರು ಗಲ್ಲಾದಲ್ಲಿ ಕೂತಿದ್ದರು. ಯಂತ್ರದ ತಳದ ಫೋಟೊ ತೋರಿಸಿದೆ.

"ಸಿಂಕ್ ಕೆಳಗೆ ಅರೀತೀರಾ? ಏನ್ ಸಾರ್, ಇಡ್ಲಿ ಹಿಟ್ಟಾ?"

"ತರಕಾರಿ ಸಿಪ್ಪೆ."

"ಸಿಪ್ಪೆ ಅರ್ದು ಏನ್ ಮಾಡ್ತೀರಿ?"

"ಚೆಲ್ತೀವಿ."

"ಚೆಲ್ಲೋಕೆ ಯಾಕ್ ಸಾರ್ ಅರೀಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಗೊಂಚಲು ಕೀಲಿ ಇಳಿಸಿ, ಫೋಟೊ ನೋಡಿಯೇ ಒಂದನ್ನು ಬಿಡಿಸಿಕೊಟ್ಟರು. "ಮಿಷನ್ ಕೆಟ್ಟಿಲ್ಲ ಸಾರ್, ಏನೋ ಸುತ್ಕೊಂಡಿದೆ. ಬಾವಿ ಮೋಟ್ರಿಗೂ ಹಿಂಗೇ ಆಗತ್ತೆ. ಜೋರ್ ಮಾಡಿ ಮುಂದಕ್ಕೇ ತಿರುಗಿಸ್ಬೇಡಿ, ಇನ್ನೂ ಬಿಗ್ಯತ್ತೆ. ಹಿಂದಕ್ಕೊಂದ್ಸಲ, ಮುಂದಕ್ಕೊಂದ್ಸಲ. ಮಗೂನ ತೊಟ್ಲಲ್ಲಿ ತೂಗ್ದಂಗೆ."

"ಜೋಗುಳ ಬೇರೆ ಹಾಡ್ಬೇಕಾ?"

"ಹಾಡಿ ಸಾರ್, ಯಾರ್ ಬೇಡ ಅಂದ್ರು? ಬೈಬೇಡಿ ಅಷ್ಟೇ. ಬೈದ್ರೆ ಯಾವ್ದೂ ಬಿಚ್ಕೊಳ್ಳಲ್ಲ."

ನಾನು ಬೈಯುವವನು ಅಂತ ಆತನಿಗೆ ಯಾರು ಹೇಳಿದರೋ. ಮುಖದಲ್ಲೇ ಬರೆದಿರಬೇಕು.

ಭಾನುವಾರ ಬೆಳಗ್ಗೆ ಐಸು ಉಪ್ಪಿನ ಸೇವೆಯ ಹೊತ್ತಿಗೆ ಸರಿಯಾಗಿ ಪ್ಲಗ್ ಕಿತ್ತು, ಚಾಪೆ ಹಾಸಿ, ಸಿಂಕಿನ ಕೆಳಗೆ ಅಂಗಾತ ಮಲಗಿದೆ. ಕೀಲಿ ಕಚ್ಚಿಕೊಂಡಿತು. ಹಿಂದಕ್ಕೆ ಒಂದು ಸಲ, ಮುಂದಕ್ಕೆ ಒಂದು ಸಲ. ಮೊದಲು ಕೂದಲೆಳೆಯಷ್ಟು ಅಲುಗಿತು, ಆಮೇಲೆ ಬೆರಳಷ್ಟು. ಮೇಲೆದ್ದು, ರಬ್ಬರು ಪರದೆ ಸರಿಸಿ, ಟಾರ್ಚು ಬಿಟ್ಟು ನೋಡಿದೆ. ಅರೆಯುವ ತಟ್ಟೆಯ ಸುತ್ತ ಕಂದು ಬಣ್ಣದ ಹಗ್ಗದಂಥದ್ದೇನೋ ಸುತ್ತಿಕೊಂಡಿದೆ. ಕೈ ಹಾಕಬಾರದು, ಅದು ನನ್ನದೇ ನಿಯಮ. ಇಕ್ಕಳ ಇಳಿಸಿ ತುದಿ ಹಿಡಿದು ಎಳೆದೆ.

ಬಂತು, ಬರುತ್ತಲೇ ಇತ್ತು. ಬಾಳೆನಾರು. ಹೂ ಕಟ್ಟುವ ಬಾಳೆನಾರು. ಗಂಟುಗಂಟಿಗೂ ಏನೋ ಉಳಿದುಕೊಂಡಿತ್ತು. ಕನಕಾಂಬರದ ಕಿತ್ತಳೆ ಚೂರು, ಸೇವಂತಿಗೆಯ ಎಸಳು, ತುಳಸಿಯ ಕಡ್ಡಿ. ತೀರ ಒಳಗಿನದು ಕಪ್ಪಾಗಿ ಕೊಳೆತಿತ್ತು, ಮೇಲಿನದು ಮೊನ್ನೆ ಶುಕ್ರವಾರದ್ದು, ಇನ್ನೂ ಹಳದಿ ಮಾಸಿರಲಿಲ್ಲ. ಒಂದು ದಿನದ ಕೆಲಸವಲ್ಲ ಅದು. ಎಂಟು ತಿಂಗಳ ಶುಕ್ರವಾರಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದವು.

ಹೆಂಡತಿ ಪಕ್ಕಕ್ಕೆ ಬಂದು ನೋಡಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಹೂವಿನ ಜೊತೆ ನಾರೂ ಸ್ವರ್ಗ ಸೇರತ್ತೆ ಅಂತಾರೆ" ಎಂದಳು ಮೆಲ್ಲಗೆ. "ಇಲ್ಲಿ ಎರಡೂ ಬಕಾಸುರನ ಹೊಟ್ಟೆ ಸೇರಿದೆ."

"ಅದು ನಾನೇ" ಎಂದಿತು ಹಿಂದಿನಿಂದ ಒಂದು ದನಿ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ, ದಿನಾ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡಿದ್ದರು. ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಲ್ಲುವ ಮಕ್ಕಳು ಹಾಗೆ ಕಟ್ಟಿಕೊಳ್ಳುತ್ತಿದ್ದರು.

"ನಿಮ್ಮ ಪಟ್ಟಿ ನೋಡ್ದೆ. ಕನ್ನಡಕ ಹಾಕ್ಕೊಂಡು ಮೂರ್ ಸಲ ಓದ್ದೆ. ಹನ್ನೊಂದು ಬರ್ದಿದೀರಿ. ಹೂವು ಅಂತ ಎಲ್ಲೂ ಇರ್ಲಿಲ್ಲ. ಇದ್ದಿದ್ರೆ ಖಂಡಿತ ಹಾಕ್ತಿರ್ಲಿಲ್ಲ ನಾನು."

ಎಪ್ಪತ್ತೆಂಟು ವರ್ಷದ ಹೆಂಗಸು ಕನ್ನಡಕ ಹಾಕಿಕೊಂಡು, ಗೋಡೆಗೆ ಅಂಟಿಸಿದ ನನ್ನ ಕೆಂಪು ಮಸಿಯ ಹತ್ತಿರ ಅಪ್ಪಣೆ ಕೇಳಿದ್ದಾರೆ. ನನ್ನ ಹತ್ತಿರ ಕೇಳಿಲ್ಲ. ಪಾಠದಲ್ಲಿ ಇಲ್ಲದ್ದು ಪರೀಕ್ಷೆಯಲ್ಲಿ ಬಂದರೆ ತಪ್ಪು ಹುಡುಗರದ್ದಲ್ಲ, ಮೇಷ್ಟ್ರದ್ದು.

"ಆದ್ರೆ ಇಲ್ಲಿಗೆ ಯಾಕೆ ಹಾಕಿದ್ರಿ ಅತ್ತೆ?"

"ನಿರ್ಮಾಲ್ಯ ಅಲ್ವಾ? ದೇವರ ಮೇಲಿದ್ದ ಹೂವು. ತುಳಿಯೋ ಕಡೆ ಹಾಕ್ಬಾರ್ದು, ಹರಿಯೋ ನೀರಿಗೆ ಬಿಡ್ಬೇಕು, ಇಲ್ಲ ಗಿಡದ ಬುಡಕ್ಕೆ ಹಾಕ್ಬೇಕು. ಶ್ರೀರಾಂಪುರದಲ್ಲಿ ಪಾರಿಜಾತದ ಗಿಡ ಇತ್ತು, ಅದರ ಬುಡಕ್ಕೆ ಹಾಕ್ತಿದ್ದೆ. ಇಲ್ಲಿ ಕಸದ ಡಬ್ಬಿಗೆ, ಆ ಎಂಜಲಿನ ಜೊತೆ ಹಾಕೋಕೆ ಕೈ ಬರ್ಲಿಲ್ಲ. ಈ ಸಿಂಕು ಮಡಿ. ನೀರು ಹರಿಯತ್ತೆ. ಒಂದ್ ನಮಸ್ಕಾರ ಮಾಡಿ ಸ್ವಿಚ್ ಒತ್ತಿಬಿಡ್ತಿದ್ದೆ." ನನ್ನ ಕೈಯಲ್ಲಿದ್ದ ನಾರಿನ ಕಡೆ ನೋಡಿ, "ನಾರೂ ದೇವರ ಮೇಲೇ ಇತ್ತಲ್ಲ, ಅದನ್ನ ಮಾತ್ರ ಬೇರೆ ಮಾಡಿ ಕಸಕ್ಕೆ ಹಾಕೋದು ಹೇಗೆ?" ಅಂದರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಕಾಲಿಗೆ ಬಿದ್ದಿದ್ದರೂ ತಪ್ಪಿರಲಿಲ್ಲ. ಆದರೆ ನನಗೆ ಕೋಪ ಬಂತು. ಸಂಕಟ ಜಾಸ್ತಿಯಾದರೆ ನನಗೆ ಅಳು ಬರುವುದಿಲ್ಲ, ಕೋಪ ಬರುತ್ತದೆ.

"ಒಂದ್ ಮಾತು ಕೇಳಕ್ಕೇನಾಗಿತ್ತು ನಿಮಗೆ?" ಎಂದು ಕೂಗಿಯೇ ಬಿಟ್ಟೆ. "ಎಂಟು ತಿಂಗಳು! ಹೂವು ಎಲ್ಲಿ ಹಾಕ್ಲಿ ಅಂತ ಒಂದ್ ಮಾತು! ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನನಗೇನು ಕನಸು ಬೀಳತ್ತಾ?"

ಹೆಂಡತಿ "ರೀ!" ಅಂದಳು. ಅಷ್ಟರಲ್ಲಿ ನಾನು ಎಂದೂ ಕೇಳದ ಒಂದು ದನಿ ಎದ್ದಿತು.

"ಯಾರನ್ನ ಕೇಳ್ಲಿ? ನೀವು ಕೂಗಾಡೋದು ನಿಲ್ಸಿದ್ರೆ ತಾನೇ ಕೇಳೋದು!" ಅತ್ತೆಯ ಕೈ ಸೆರಗಿನಿಂದ ಹೊರಬಂದು ಗಾಳಿಯಲ್ಲಿ ಆಡತೊಡಗಿತು. "ದೊಡ್ಡ ಪಟ್ಟಿ ಬರೆಯೋಕ್ ಬರತ್ತೆ, ಮನೇಲಿ ಒಂದ್ ಕುಂಡ ಮಣ್ಣು ಇಡೋಕ್ ಬರಲ್ವಾ? ತುಳಸಿ ಇಲ್ಲ, ಒಂದ್ ಗಿಡ ಇಲ್ಲ, ಹೆಸರಿಗೆ ಸಂಸಾರಸ್ಥರ ಮನೆ! ಸಿಪ್ಪೆ ಅರೆಯೋಕೆ ಮಿಷನ್ ಇದೆ, ದೇವರ ಹೂವಿಗೆ ಒಂದ್ ಹಿಡಿ ಮಣ್ಣಿಲ್ಲ! ಮೇಲೆ ನನಗೇ ಬೈತೀರಾ?"

ಅತ್ತೆಗೇ ತಮ್ಮ ದನಿ ಕೇಳಿ ಗಾಬರಿಯಾಯಿತೇನೋ, ಬಾಯಿಗೆ ಕೈ ಹಿಡಿದುಕೊಂಡರು. ಮೊದಲು ಕಿಸಕ್ಕೆಂದಿದ್ದು ಹೆಂಡತಿ. ಆಮೇಲೆ ನಾನು ನಗಲು ಶುರು ಮಾಡಿದವನು ಕೈಯಲ್ಲಿ ಆ ನಾರಿನ ಸರ ಹಿಡಿದುಕೊಂಡೇ ಚಾಪೆಯ ಮೇಲೆ ಕುಸಿದೆ. ಮೂವತ್ತು ವರ್ಷದಲ್ಲಿ ಯಾವ ತರಗತಿಯೂ ನನಗೆ ಹೀಗೆ ಎದುರು ಮಾತಾಡಿರಲಿಲ್ಲ. ನನ್ನ ತಾಯಿ ಮಾತ್ರ ಆಡುತ್ತಿದ್ದಳು.

"ತಪ್ಪಾಯ್ತು ಅತ್ತೆ" ಅಂದೆ. ಆ ಎರಡು ಪದ ನನ್ನ ಬಾಯಿಂದ ಹೊರಡುವುದು ಅಪರೂಪ, ಹಾಗಾಗಿ ಸ್ವಲ್ಪ ತುಕ್ಕು ಹಿಡಿದಿತ್ತು. "ಹೋಟ್ಲು ಅಂದಿದ್ದೂ ತಪ್ಪು. ತುಮಕೂರಿಗೆ ಹೋಗ್ಬೇಡಿ. ನೀವಿಲ್ದೆ ನನಗೆ ಬೆಳಗ್ಗೆ ಕಾಫಿ ಗಂಟ್ಲಲ್ಲಿ ಇಳಿಯಲ್ಲ."

"ಮೊದ್ಲು ಅದೇನೋ ಪೂರ್ತಿ ಮಾಡಿ" ಎಂದು ಅತ್ತೆ ಟಾರ್ಚು ಕೈಗೆತ್ತಿಕೊಂಡರು. ಉಳಿದ ನಾರೆಲ್ಲ ತೆಗೆಯುವವರೆಗೂ ಅವರೇ ಬೆಳಕು ಹಿಡಿದರು. "ಎಡಗಡೆ ಒಂದ್ ಎಳೆ ಇದೆ ನೋಡಿ. ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ." ತಳದ ಕೆಂಪು ರೀಸೆಟ್ ಗುಂಡಿ ಒತ್ತಿ, ಪ್ಲಗ್ ಹಾಕಿ, ನೀರು ಬಿಟ್ಟು ಸ್ವಿಚ್ ಒತ್ತಿದರೆ ಗುರ್ ಎಂದು ಹೊಸ ಮದುಮಗನ ಹಾಗೆ ಹೊರಟಿತು. ಪಟ್ಟಿಗೆ ಹನ್ನೆರಡನೇ ಸಾಲು ಬರೆದೆ, ಹೂವು ಮತ್ತು ನಾರು. ಕೀಲಿಯನ್ನು, ಸಾಮಾನು ಸಿಕ್ಕಲ್ಲಿ ಬಿಸಾಡುವ ನನ್ನ ಅಭ್ಯಾಸದಂತೆ, ಕಿಟಕಿಯ ಕಟ್ಟೆಯ ಮೇಲೆ ಎಸೆದೆ. ಅತ್ತೆ ಅದನ್ನೇ ನೋಡುತ್ತಿದ್ದರು.

ಸಂಜೆ ಹೋಗಿ ದೊಡ್ಡದೊಂದು ಮಣ್ಣಿನ ಕುಂಡ, ಒಂದು ಮೂಟೆ ಕೆಮ್ಮಣ್ಣು, ತುಳಸಿ ಸಸಿ ತಂದು ಬಾಲ್ಕನಿಯಲ್ಲಿಟ್ಟೆ. ಬೆಳಗ್ಗೆ ತೆಗೆದ ನಾರು ಎಸಳನ್ನೆಲ್ಲ ಅತ್ತೆ ತೊಳೆದು, ಅದರ ಬುಡದಲ್ಲಿ ಹೂತರು. ಆದರೆ ಬಟ್ಟೆಯಲ್ಲಿ ಸುತ್ತಿಟ್ಟ ದೇವರು ಹೊರಗೆ ಬಂದರೋ ಇಲ್ಲವೋ, ನೋಡಲು ನನಗೆ ಧೈರ್ಯ ಸಾಲಲಿಲ್ಲ. ಸೋಮವಾರದ ಆಟೋ ವಿಷಯ ಯಾರೂ ಎತ್ತಲಿಲ್ಲ.

ಬೆಳಗ್ಗೆ ಎದ್ದು ನಡುಮನೆಗೆ ಬಂದೆ. ಮುಂಬಾಗಿಲ ಪಕ್ಕದಲ್ಲಿ ಹಸಿರು ಟ್ರಂಕು ಇತ್ತು.

ಹೋಗುತ್ತಿದ್ದಾರೆ. ತಪ್ಪಾಯ್ತು ಅಂದರೂ, ಕುಂಡ ತಂದರೂ ಹೋಗುತ್ತಿದ್ದಾರೆ. ಹೆಂಡತಿ ಸ್ನಾನದ ಮನೆಯಲ್ಲಿದ್ದಳು, ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿತ್ತು. ತಡೆಯುವ ಮುಖ ನನಗೆಲ್ಲಿದೆ? ಹೊತ್ತು ತಂದವನು ನಾನು, ಕೆಳಗಿಳಿಸುವವನೂ ನಾನೇ ಆಗಬೇಕು ಅಂದುಕೊಂಡು ಹಿಡಿ ಹಿಡಿದು ಎತ್ತಿದೆ.

ಎತ್ತಲು ಆಗಲಿಲ್ಲ. ಸೀರೆಯ ಭಾರವಲ್ಲ ಅದು. ಒಳಗೆ ಖಣ್ ಎಂದು ಏನೋ ಉರುಳಿತು.

ಕೂತು ಮುಚ್ಚಳ ತೆಗೆದೆ. ಹಳೆಯ ಸೀರೆಯ ತುಂಡೊಂದನ್ನು ಹಾಸಿ, ಅದರ ಮೇಲೆ ನನ್ನ ಸ್ಪ್ಯಾನರುಗಳು, ಸುತ್ತಿಗೆ, ಇಕ್ಕಳ, ಪೈಪು ರೆಂಚು, ಟೇಪಿನ ಸುರುಳಿ, ಒಂದು ಹೊಸ ರಬ್ಬರು ಪರದೆ. ಮನೆಯ ಮೂಲೆಮೂಲೆಯಲ್ಲಿ ನಾನು ಬಿಸಾಡಿದ್ದವೆಲ್ಲ ಸಾಲಾಗಿ ಕೂತಿದ್ದವು. ಆರು ಮೂಲೆಯ ಕೀಲಿಗೆ ಮಾತ್ರ ಒಂದು ಬೇರೆ ಚೀಲ, ಬಾಳೆನಾರಿನಿಂದ ಬಾಯಿ ಕಟ್ಟಿದ್ದು. ಅದರ ಪಕ್ಕದಲ್ಲೇ ಕಳೆದುಹೋಗಿದ್ದ ಹಳೆಯ ಕೀಲಿ.

"ಬಾಗಿಲಲ್ಲಿಟ್ಕೊಂಡು ಏನ್ ನೋಡ್ತಿದೀರಿ?" ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಇಷ್ಟು ದೂರ ಎಳೆಯೋಷ್ಟರಲ್ಲಿ ನನಗೆ ಸಾಕಾಯ್ತು. ತಂದು ಸಿಂಕ್ ಕೆಳಗೆ ತಳ್ಳಿ. ಇನ್ಮೇಲೆ ಕೀಲಿ ಕಾಣಲ್ಲ ಅಂತ ಮಾಮೂಲ್‌ಪೇಟೆಗೆ ಓಡ್ಬೇಡಿ. ಹಳೇದು ನಿಮ್ಮ ಪಂಚಾಂಗದ ಒಳಗೇ ಇತ್ತು."

"ಸೀರೆಗಳು?" ಅಂದೆ.

"ಬೀರೂಲಿ ಕೆಳಗಿನ ಅರೆ ಖಾಲಿ ಇತ್ತಲ್ಲ ಅಷ್ಟು ದಿನದಿಂದ. ಅಲ್ಲಿಟ್ಟೆ."

ಕಣ್ಣು ಮಂಜಾಯಿತು. ಯಾರಾದರೂ ನೋಡಿಬಿಟ್ಟರೆ ಎಂದು, ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ. "ಕಾಫಿ ಎಲ್ಲಿ? ಎಷ್ಟ್ ಹೊತ್ತು?" ಎಂದು ಕೂಗಿದೆ.

"ಕೂಗ್ಬೇಡಿ, ತರ್ತಿದೀನಿ!" ಎಂದು ಅವರೂ ಕೂಗಿದರು.

ಎರಡು ಲೋಟ ತಂದರು. ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ಹಿಡಿದುಕೊಂಡು ಎದುರಿನ ಕುರ್ಚಿ ಎಳೆದು ಕೂತರು.